ಅವ್ವ ಅಂಜುತ್ತಿದ್ದ ಗಾಳಿ

ಪರದೇಶದ ಸುಂಟರಗಾಳಿಯನ್ನು ನಾನು ಫೋನಿನಲ್ಲಷ್ಟೇ ನೋಡಿದ್ದೇನೆ. ಕಪ್ಪು ಮೋಡದಿಂದ ಸೊಂಡಿಲಿನಂತೆ ಇಳಿದು ಚಾವಣಿ, ಕಾರು, ಕಂಬ ಎಲ್ಲವನ್ನೂ ಎತ್ತಿ ಒಗೆಯುತ್ತದೆ. ನಮ್ಮ ಕಡೆಯದು ಹಾಗಲ್ಲ. ಬಿಸಿಲಿಗೆ ಕಾದ ಎರೆಹೊಲದಿಂದಲೇ ಏಳುತ್ತದೆ. ಒಣಹುಲ್ಲು, ಗುಟಕಾ ಚೀಟಿ, ಪ್ಲಾಸ್ಟಿಕ್ ಚೀಲ ತಿರುಗಿಸಿಕೊಂಡು ನಾಲ್ಕು ಹೊಲ ದಾಟುವಷ್ಟರಲ್ಲಿ ಸುಸ್ತಾಗಿ ಕೂರುತ್ತದೆ. ಒಮ್ಮೆ ನಾನು ಒಣಹಾಕಿದ್ದ ಸೀರೆಯನ್ನು ಪಕ್ಕದ ಮನೆಯ ಮಾಳಿಗೆಗೆ ಎಸೆದಿತ್ತು, ಅಷ್ಟೇ. ಕೇಡು ಮಾಡುವುದು ಬೇರೆಯವು. ಮುಂಗಾರಿಗೆ ಮುಂಚಿನ ಬಿರುಗಾಳಿ ತಗಡು ಹಾರಿಸುತ್ತದೆ. ಆಲಿಕಲ್ಲು ಕೊಯ್ಲಿಗೆ ಬಂದ ಭತ್ತ ಉದುರಿಸುತ್ತದೆ. ಸಿಡಿಲು ಎಮ್ಮೆ, ಮನುಷ್ಯ ಎನ್ನದೆ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ.

ಆದರೆ ಅವ್ವ ಅಂಜುತ್ತಿದ್ದುದು ಸುಂಟರಗಾಳಿಗೆ ಮಾತ್ರ. ಅವಳಿಗೆ ಅದು ದೆವ್ವಗಾಳಿ. ಬಳಗಾನೂರಿನಲ್ಲಿ ನಾನೂ ಅಕ್ಕನೂ ಚಿಕ್ಕವರಿದ್ದಾಗ, ಕಳೆ ಕೀಳುತ್ತಿದ್ದ ಗದ್ದೆಯಿಂದಲೇ ಕೂಗುತ್ತಿದ್ದಳು.

"ಬೇವಿನ ಗಿಡ ಹಿಡ್ಕೊಂಡ ನಿಂದರ್ರಿಬೇ. ಅದ್ರಾಗ ದ್ಯಾವಮ್ಮ ಅದಾಳ, ದೆವ್ವ ಹತ್ರ ಬರಂಗಿಲ್ಲ."

ನಾವು ಬೇವಿನ ಬೊಡ್ಡೆ ತಬ್ಬಿ ಕಣ್ಣು ಮುಚ್ಚುತ್ತಿದ್ದೆವು. ಅಕ್ಕ ತಬ್ಬಿಕೊಂಡೇ ನನ್ನ ಜಡೆ ಎಳೆದು, "ದೆವ್ವ ಹಿಡೀತು ಲೇ ನಿನ್ನ" ಎನ್ನುತ್ತಿದ್ದಳು.

ಅಕ್ಕ ದಢೇಸುಗೂರಿಗೆ ಸೊಸೆಯಾಗಿ ಹೋದಳು. ಹೋದ ವರ್ಷ ಬೇಸಿಗೆಯ ಭತ್ತ ಕೊಯ್ದು, ಊರಿನ ಎಲ್ಲರಂತೆ ಅವರೂ ಡಾಂಬರು ರಸ್ತೆಯ ಒಂದು ಮಗ್ಗುಲಿಗೆ ಹರವಿ ಒಣಗಿಸುತ್ತಿದ್ದರು. ಮಧ್ಯಾಹ್ನದ ಮೇಲೆ ಸಿಂಧನೂರಿನ ದಿಕ್ಕಿಗೆ ಮೋಡ ಕಟ್ಟಿ ಗುಡುಗತೊಡಗಿತು. ಅಕ್ಕನೂ ಅವಳ ಗಂಡನೂ, ನಾನು ಮಾವ ಎನ್ನುತ್ತೇನೆ, ಭತ್ತ ಗುಂಪು ಮಾಡಿ ತಾಡಪಾಲು ಹೊದಿಸುತ್ತಿದ್ದರು. ಮಳೆಗೂ ಮುಂಚೆ ನುಗ್ಗಿದ ಗಾಳಿ ರಸ್ತೆಯ ಧೂಳನ್ನು ಗಿರಗಿರ ತಿರುಗಿಸಿತು. ಗುಡುಗಿಗೆ ಕಿವಿಗೊಡದಿದ್ದ ಅಕ್ಕ ಆ ಸುಳಿ ಕಂಡದ್ದೇ ತಾಡಪಾಲಿನ ತುದಿ ಬಿಟ್ಟು ಓಡಿದಳು. "ಏ, ಎಲ್ಲಿಗೆ ಹೊಂಟಿ, ತುದಿಗೊಂದು ಕಲ್ಲಾದ್ರೂ ಇಟ್ಟು ಹೋಗು" ಎಂದು ಮಾವ ಬೈದರಂತೆ. ಅವಳು ಬದುವಿನ ಬೇವನ್ನು ತಬ್ಬಿ ನಿಂತಿದ್ದಳು. ಸುಳಿ ಹಾದುಹೋಯಿತು. ಸಿಡಿಲು ಆ ಗಿಡಕ್ಕೇ ಬಡಿಯಿತು.

ಮಣ್ಣು ಮಾಡುವ ಮೊದಲೇ ಮಾವ ನನ್ನನ್ನು ಪಕ್ಕಕ್ಕೆ ಕರೆದರು. "ಗಿಡದ ಬುಡಕ ಇದ್ಲು ಅಂತ ನಿಮ್ಮವ್ವಗ ಹೇಳಬ್ಯಾಡವಾ. ತಾನಽ ಕಲಿಸಿದ್ದು ಅಂತ ಎದಿ ಒಡ್ಕೊಂಡು ಸಾಯ್ತಾಳ." ಭತ್ತ ಮುಚ್ಚುವಾಗ ರಸ್ತೆಯ ಮೇಲೇ ಸಿಡಿಲು ಬಡಿಯಿತೆಂದು ಅವ್ವನಿಗೆ ಹೇಳಿದೆವು.

ಆಮೇಲೆ ಅವ್ವನನ್ನು ಮಸ್ಕಿಯ ನಮ್ಮ ಮನೆಗೆ ಕರೆತಂದೆ. ನನ್ನ ಗಂಡ ಕೆಲಸಕ್ಕೆಂದು ಲಿಂಗಸುಗೂರಿನ ಬಸ್ಸು ಹತ್ತಿದರೆ ದಿನವೆಲ್ಲ ಮನೆಯಲ್ಲಿ ನಾವಿಬ್ಬರೇ. ಊಟ ಮುಗಿಸಿ ನಾನು ಜೋಳ ಹಸನು ಮಾಡಲು ಕೂರುತ್ತೇನೆ. ಚಾಪೆಯ ಮೇಲೆ ಅಡ್ಡಾದ ಅವ್ವ ಕೇಳುತ್ತಾಳೆ.

"ಅಕಿ ಎಲ್ಲಿದ್ಲಬೇ ಆವಾಗ?"

"ರಸ್ತಾದ ಮ್ಯಾಲ, ಯವ್ವ. ಭತ್ತ ಮುಚ್ಚಾಕತ್ತಿದ್ಲು."

"ಸುಳಿಗಾಳಿ ಬಂದಿತ್ತೇನು?"

"ಇಲ್ಲ."

ದಿನವೂ ಇದೇ. ಎಂದಾದರೂ ಬಾಯಿ ತಪ್ಪೀತೆಂದು ಮೊರದಿಂದ ಕಣ್ಣೆತ್ತದೆ ಉತ್ತರ ಕೊಡುತ್ತಿದ್ದೆ.

ಈ ಬೇಸಿಗೆಯಲ್ಲಿ ಅಕ್ಕನ ನೆರೆಮನೆಯಾಕೆ ಮಸ್ಕಿಗೆ ಮದುವೆಗೆ ಬಂದವಳು ನಮ್ಮಲ್ಲಿಗೂ ಬಂದಳು. ಅಡುಗೆಮನೆಗೆ ಕರೆದು ಚಹಾ ಕೊಡುತ್ತ, "ಅವ್ವನ ಮುಂದ ಗಿಡದ ಮಾತು ತಗೀಬ್ಯಾಡ್ರಿ" ಎಂದೆ. ಅವಳು ಬಸಿಯನ್ನು ಕೆಳಗಿಟ್ಟಳು.

"ಅಯ್ಯ, ನಾನಽ ಹೇಳೀನಲ್ಲವಾ. ಮಣ್ಣು ಮಾಡಿ ಬಂದ ದಿನಾನ ಕೇಳಿದ್ಲು, ಹೇಳಿದೆ."

ಅವಳು ಹೋದ ಮೇಲೆ ಅವ್ವ ಎಂದಿನಂತೆ ಚಾಪೆ ಹಾಸಿಕೊಂಡಳು. ಎಂದಿನಂತೆ ಕೇಳಿದಳು. ನಾನು ಮೊರದಿಂದ ಕಣ್ಣೆತ್ತಿದೆ.

"ಯವ್ವ, ನಿನಗ ಗೊತ್ತೈತಲ್ಲ?"

ಅವಳು ಗೋಡೆಯ ಕಡೆ ಹೊರಳಿದಳು. "ಗೊತ್ತೈತಿ."

"ಮತ್ಯಾಕ ದಿನಾ ಕೇಳ್ತಿ?"

"ನೀ ರಸ್ತಾದ ಮ್ಯಾಲ ಅಂತಿಯಲ್ಲ, ಆಗೊಂದೀಟು ಕಣ್ಣು ಹತ್ತತೈತಿ. ಹೇಳು."

ಮೊರ ಪಕ್ಕಕ್ಕೆ ಸರಿಸಿ ಅವಳ ಬೆನ್ನ ಹತ್ತಿರ ಕೂತೆ.

"ರಸ್ತಾದ ಮ್ಯಾಲ ಇದ್ಲು, ಯವ್ವ. ಭತ್ತ ಗುಂಪು ಮಾಡಿದ್ಲು. ತಾಡಪಾಲ ಎಳದು ಮೂಲಿಮೂಲಿಗೆ ಕಲ್ಲು ಇಡಾಕತ್ತಿದ್ಲು. ಗಾಳಿ ಇರಲಿಲ್ಲ."

"ಹೂಂ" ಎಂದಳು ಅವ್ವ. "ಇನ್ನೊಮ್ಮಿ ಹೇಳು."