ಸರ್ಕಾರದ ದನದ ಓಲೆ

ನಾನು ಚಿಕ್ಕವಳಿದ್ದಾಗ, ಎಂದರೆ ಉಡುಪಿ ಬೇರೆ ಜಿಲ್ಲೆಯಾಗುವ ಹತ್ತು ವರ್ಷ ಮೊದಲು, ಒಂದು ಬೈಕಿನ ಸದ್ದಿಗೆ ಹೆದರಿದಷ್ಟು ಹಾವಿಗೂ ಹೆದರಿದವಳಲ್ಲ. ಅಕ್ಕನ ಮೊಮ್ಮಕ್ಕಳಾದ ನೀವು ಚಿಕ್ಕಜ್ಜಿ ಎಂದು ಕರೆಯುತ್ತೀರಲ್ಲ, ಆ ಚಿಕ್ಕಜ್ಜಿ ಆಗ ನಾಲ್ಕನೇ ಕ್ಲಾಸು.

ಬೆಳ್ಮಣ್‌ನಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ನಮ್ಮ ಮನೆ. ಅಪ್ಪನಿಗೆ ಇದ್ದದ್ದು ಒಂದೇ ಗದ್ದೆ. ಸಣ್ಣ ರೈತರಿಗೆಂದು ಸರ್ಕಾರ ಅರ್ಧ ಬೆಲೆಗೆ ದನ ಕೊಟ್ಟಾಗ ನಮಗೂ ಒಂದು ಕೆಂಚು ದನ ಸಿಕ್ಕಿತು. ಅದರ ಕಿವಿಯಲ್ಲಿ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಇತ್ತು. "ನನಗಿಂತ ಮೊದಲು ಇವಳ ಕಿವಿಗೇ ಓಲೆ ಬಂತು ನೋಡು," ಎಂದು ಮದುವೆಯ ವಯಸ್ಸಿನ ಅಕ್ಕ ತಮಾಷೆ ಮಾಡುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಬಿಲ್ಲೆ ಇಲ್ಲದಿದ್ದರೆ ದನವನ್ನು ವಾಪಸು ಕೊಂಡುಹೋಗುತ್ತೇವೆ ಎಂದು ಆಫೀಸಿನಲ್ಲಿ ಹೇಳಿದ್ದರಂತೆ. ಅದರ ಹಾಲು ಡೇರಿಗೆ ಹೋದರೆ ಮಾತ್ರ ನಮ್ಮಲ್ಲಿ ಅನ್ನ ಬೇಯುತ್ತಿತ್ತು.

ದೀಪಾವಳಿಯ ಗೋಪೂಜೆಗೆ ದನವನ್ನು ಮೀಯಿಸಿ, ತೆಂಗಿನ ಗೆರಟೆಯ ಬಾಯಿಯನ್ನು ಬಿಳಿ ಜೇಡಿಮಣ್ಣಿನಲ್ಲಿ ಅದ್ದಿ ಮೈ ತುಂಬ ದುಂಡಗೆ ಉರುಟುರುಟಾಗಿ ಒತ್ತಿದೆವು. ಕೊರಳಿಗೆ ಗೊಂಡೆ ಹೂವಿನ ಹಾರ ಹಾಕಿದೆವು. ಮರುದಿನ ಬೆಳಿಗ್ಗೆ ಹಾರ ತೆಗೆಯುವ ಕೆಲಸ ನನ್ನದು. ಅದರ ಬಾಳೆನಾರು ಕಿವಿಗೆ ಸಿಕ್ಕಿಕೊಂಡಿತ್ತು. ಎಳೆದೆ, ದನ ತಲೆ ಕೊಡವಿತು, ಹಾರ ಬಂತು. ಪೂಜೆಯ ಹೂ ಯಾರ ಕಾಲಿಗೂ ಸಿಗಬಾರದಲ್ಲ, ನೇರ ಮನೆ ಹಿಂದಿನ ಹೊಳೆಗೆ ಬಿಟ್ಟು ಕೈಮುಗಿದು ಬಂದೆ.

ದನ ಕಟ್ಟುವ ಹಟ್ಟಿಗೆ ಬಂದು ನೋಡಿದರೆ ಅದರ ಕಿವಿಯಲ್ಲಿ ರಕ್ತ. ಬಿಲ್ಲೆ ಇಲ್ಲ.

ಹೊಳೆಗೆ ಓಡಿದೆ. ಸೊಂಟದ ತನಕ ಇಳಿದು ಕೆಸರಲ್ಲಿ ಕೈಯಾಡಿಸಿದೆ. ಹಾರ ಎಲ್ಲಿಗೆ ಹೋಗಿತ್ತೋ. ಅಡುಗೆಮನೆಯಿಂದ ಅರಸಿನ ಎಲೆಯಲ್ಲಿ ಮಡಚಿದ ಸಿಹಿ ಗಟ್ಟಿ ಬೇಯುವ ಪರಿಮಳ ಅಲ್ಲಿಯವರೆಗೂ ಬರುತ್ತಿತ್ತು. ನಾನು ಮತ್ತೊಮ್ಮೆ ಕೆಸರಿಗೆ ಕೈ ಹಾಕಿದೆ. ಅಷ್ಟರಲ್ಲಿ ಬೈಕಿನ ಸದ್ದು. ದನ ನೋಡಲು ಬರುತ್ತೇನೆಂದು ಸರ್ಕಾರದ ದನದ ಡಾಕ್ಟ್ರು ಹೇಳಿದ್ದು ಅವತ್ತಿಗೇ.

ಒದ್ದೆ ಲಂಗದಲ್ಲಿ ಒಟ್ಟಿದ ಬೈಹುಲ್ಲಿನ ಕುತ್ತರಿಯ ಹಿಂದೆ ಅಡಗಿದೆ.

"ಬಿಲ್ಲೆ ಎಲ್ಲುಂಟು ಮಾರಾಯ್ರೆ?"

"ನಿನ್ನೆ ಪೂಜೆಯ ಹೊತ್ತಿಗೆ ಇತ್ತು ಡಾಕ್ಟ್ರೇ, ನಾನೇ ನೋಡಿದ್ದು," ಎಂದರು ಅಪ್ಪ. ಅವರ ಸ್ವರ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಎಲ್ಲರೂ ಹೇಳುವುದು ಇದೇ. ಕೊಟ್ಟ ದನ ಮಾರಿ, ಬೇರೆ ಯಾವುದನ್ನೋ ಕಟ್ಟಿ ತೋರಿಸುವವರನ್ನು ನಾನು ಎಷ್ಟು ಕಂಡಿಲ್ಲ?"

ಅಪ್ಪ ಕಳ್ಳನಂತೆ ತಲೆ ತಗ್ಗಿಸಿ ನಿಂತರು. ನಾನು ಹೊರಗೆ ಬಂದೆ. "ನಾನು ಹೊಳೆಗೆ ಬಿಟ್ಟದ್ದು. ಹೂವಿನ ಒಟ್ಟಿಗೆ ಹೋಯಿತು."

ಡಾಕ್ಟ್ರು ನನ್ನ ಒದ್ದೆ ಲಂಗ ನೋಡಿದರು. ಬಯ್ಯಲಿಲ್ಲ. ಚೀಲದಿಂದ ಸರ್ಕಾರ ಕೊಟ್ಟ ದನಗಳ ವಿವರ ಬರೆದ ಪುಸ್ತಕ ತೆಗೆದು ಓದಿದರು: "ಬಲ ಭುಜದ ಮೇಲೆ ಬಿಳಿ ಮಚ್ಚೆ." ಆಮೇಲೆ ದನದ ಕಡೆ ತಿರುಗಿದರು. ಮೈಯೆಲ್ಲ ಬಿಳಿ ಉರುಟು. "ಇದರಲ್ಲಿ ಹುಟ್ಟಿನದ್ದು ಯಾವುದು, ನೀವು ಒತ್ತಿದ್ದು ಯಾವುದು? ತೊಳೆಯಿರಿ."

ಮಚ್ಚೆ ಉಂಟೆಂದು ನನಗೆ ಗೊತ್ತಿತ್ತು. ಆದರೆ ಬಲಕ್ಕೋ, ಎಡಕ್ಕೋ? ದಿನಾ ಮೇಯಿಸುವ ನನಗೆ ಹೆದರಿಕೆಯಲ್ಲಿ ಅದೇ ನೆನಪಾಗಲಿಲ್ಲ. ಅಕ್ಕ ನೀರು ಹೊಯ್ದಳು, ನಾನು ತೆಂಗಿನ ಸಿಪ್ಪೆಯಿಂದ ಉಜ್ಜಿದೆ. ಒಂದೊಂದೇ ಉರುಟು ಕರಗಿ ಹಾಲಿನಂತೆ ಇಳಿಯಿತು. ಪ್ರತಿಸಲವೂ ಅಡಿಯಲ್ಲಿ ಬರೀ ಕೆಂಚು. ದೇವರೇ, ಒಂದಾದರೂ ಉಳಿಯಲಿ ಎಂದು ಬೇಡಿಕೊಂಡೆ.

ಬಲ ಭುಜದಲ್ಲಿ ಒಂದು ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಸಾಕು ಮಗಾ, ಚರ್ಮ ಕಿತ್ತು ಬಂದೀತು," ಎಂದರು ಡಾಕ್ಟ್ರು. ಇನ್ನೊಂದು ಕಿವಿಗೆ ಹೊಸ ಬಿಲ್ಲೆ ಚುಚ್ಚಿದರು. ದನ ಕೂಗಿತು, ನಾನೂ ಅತ್ತೆ. ಅಪ್ಪ ಹೆಗಲ ಬೈರಾಸು ತೆಗೆದು ನನ್ನ ತಲೆ ಒರೆಸಿದರು. ಯಾರೋ ಪುಣ್ಯಾತ್ಮರು ಆ ಪುಸ್ತಕದಲ್ಲಿ ಮಚ್ಚೆಯನ್ನೂ ಬರೆದಿಟ್ಟಿದ್ದರಲ್ಲ, ಅದೊಂದು ಪುಣ್ಯ. ಆ ಮಚ್ಚೆ ಬಲಕ್ಕೇ ಇದ್ದದ್ದು ಇನ್ನೊಂದು.

ಈಗ ಮಣಿಪಾಲದ ನಿಮ್ಮ ಮನೆಗೆ ಹಾಲು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬರುತ್ತದೆ. ದಾರಿಯಲ್ಲಿ ಸಿಗುವ ದನದ ಕಿವಿಯ ಹಳದಿ ಪ್ಲಾಸ್ಟಿಕ್ ಬಿಲ್ಲೆ ನೋಡಿ ನೀವು ನಗುತ್ತೀರಿ. ಅದರ ನಂಬರು ಕಂಪ್ಯೂಟರಿನಲ್ಲಿಯೂ ಇರುತ್ತದಂತೆ, ಒಳ್ಳೆಯದೇ ಆಯಿತು. ಆದರೆ ದೇವರಕೋಣೆಯ ಬಾಡಿದ ಹೂವನ್ನು ಹೊರಗೆ ಹಾಕುವ ಮೊದಲು ಚಿಕ್ಕಜ್ಜಿ ಅಷ್ಟು ಹೊತ್ತು ಬೆರಳಾಡಿಸುವುದು ಎಂತಕ್ಕೆ ಎಂದು ಮೊನ್ನೆ ಕೇಳಿದಿರಲ್ಲ, ಅದು ಇದಕ್ಕೇ ಮಕ್ಕಳೇ.