ಬೆಳಕಿನ ಮೇವು

ನನ್ನ ಕೋಣೆಗೆ ಕಾಲು ತೊಳೆದು ಬಂದವರು ಇವತ್ತಿಗೂ ಗೌರಮ್ಮ ಒಬ್ಬರೇ. ಕೈಲಾಂಚ ಅನ್ನೋ ಹಳ್ಳಿಯಲ್ಲಿ ಅವರ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದೆ. ಕೆಳಗೆ ಅವರು ರೇಷ್ಮೆಹುಳ ಸಾಕುತ್ತಿದ್ದರು, ಮೇಲೆ ನಾನು ಪುಟ್ಟ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಜೀವಂತ ಹವಳ.

ಅಲ್ಯೂಮಿನಿಯಂ ತಗಡಿಗೆ ನೀಲಿ, ಬಿಳಿ ಎಲ್‌ಇಡಿ ಅಂಟಿಸಿ, ವೈರು ಬೆಸೆದು ನಾನೇ ಮಾಡಿದ ದೀಪವನ್ನು ತೊಟ್ಟಿಯ ಮೇಲೆ ತೂಗುಹಾಕಿ, ಮೊದಲ ದಿನವೇ ಪೂರ್ತಿ ಉರಿಸಿಬಿಟ್ಟೆ. ಮೂರನೇ ದಿನಕ್ಕೆ ಹವಳಗಳು ಮುದುಡಿ ಬಿಳಿಚಿಕೊಂಡವು. ಫೋನಿನಲ್ಲಿ ಕೇಳಿದರೆ ಹವಳ ಸಾಕುವ ಪಂಡಿತರು ಒಬ್ಬೊಬ್ಬರು ಒಂದೊಂದು ಹೇಳಿದರು.

ಮಜ್ಜಿಗೆ ಕೊಡಲು ಬಂದ ಗೌರಮ್ಮ, ಜೀವ ಸಾಕೋ ಜಾಗ ಅಂತ ಕಾಲು ತೊಳೆದೇ ಒಳಗೆ ಬಂದರು.

"ಏನ್ ಮೇವು ಇವ್ಕೆ?"

"ಬೆಳಕೇ ಮೇವು," ಅಂದೆ, ನಾಚಿಕೊಂಡು.

ಅವರು ನಗಲಿಲ್ಲ. "ಎಳೇ ಹುಳಕ್ಕೆ ಬಲಿತ ಸೊಪ್ಪು ಹಾಕ್ಬುಟ್ಟಿದ್ದೀಯ ಕಣಪ್ಪ. ಒಸಿ ಸಣ್ಣಗೆ ಹೆಚ್ಚಾಕು."

ಬೆಳಕನ್ನು ಹೆಚ್ಚೋದು ಹೇಗೆ? ಗೌರಮ್ಮ ಕೆಳಗಿನಿಂದ ಚಂದ್ರಿಕೆಯೊಂದನ್ನು, ಹುಳ ಗೂಡು ಕಟ್ಟೋ ಸುರುಳಿ ಹೆಣಿಗೆಯ ಬಿದಿರಿನ ತಟ್ಟಿಯನ್ನು, ತಂದು, ದೀಪಕ್ಕೂ ನೀರಿಗೂ ನಡುವೆ ಅಡ್ಡ ಇಟ್ಟರು. ನೀಲಿ ಬೆಳಕು ಎಳೆ ಎಳೆಯಾಗಿ, ಸುರುಳಿ ಸುರುಳಿಯಾಗಿ ಗೋಡೆಯ ಮೇಲೆ, ಅವರ ಸೀರೆಯ ಮೇಲೆ, ನನ್ನ ಅಂಗೈ ಮೇಲೆ ತೇಲಿತು. ಕೋಣೆಗೆ ಕೋಣೆಯೇ ನೀರೊಳಗೆ ಇಳಿದ ಹಾಗಿತ್ತು.

ಹದಿನೈದು ದಿನಕ್ಕೆ ಹವಳಗಳು ಬೆಳಕಿಗೆ ಒಗ್ಗಿ ಬೆರಳು ಚಾಚಿದವು. ಗೌರಮ್ಮ ಬಂದು ಬಹಳ ಹೊತ್ತು ನೋಡಿದರು.

"ಇವೂ ಗೂಡು ಕಟ್ತವಾ?"

"ಕಟ್ತವೆ. ಅದರಲ್ಲೇ ಇರ್ತವೆ."

"ನೂಲು ತೆಗಿಯಾಕೆ ಬಿಸಿನೀರಿಗೆ ಹಾಕಲ್ವಾ?"

"ಇಲ್ಲ."

"ಪುಣ್ಯ ಮಾಡವೆ ಬುಡು," ಎಂದು ನಿಟ್ಟುಸಿರಿಟ್ಟರು. ಆಮೇಲೆ, ನಾಳೆ ತಮ್ಮ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಶುರುಮಾಡುತ್ತವೆ ಅಂತ, ಚಂದ್ರಿಕೆ ಎತ್ತಿಕೊಂಡು ಕೆಳಗಿಳಿದರು.