ಎರಡು ಲೋಟ ಚಾಕೊಲೇಟ್

ಅಥವಾ ಚಾಕೊಲೇಟ್ ಬೇಕೆಂದು ಕೇಳಿದ್ದು ಅತ್ತೆಯೇ ಅಲ್ಲದಿರಬಹುದು. ಇಷ್ಟು ದಿನ ಯಾರು ಕೇಳಿದರೂ ನಾನು ಒಂದೇ ಥರ ಹೇಳಿಕೊಂಡು ಬಂದಿದ್ದೇನೆ: ಮೊದಲ ಆಪರೇಷನ್ ಆಗಿ ಹದಿನೈದು ದಿನ ಕಳೆದ ಮೇಲೆ, ನಮ್ಮ ಜೆ.ಪಿ. ನಗರದ ಮನೆಯ ಬಾಲ್ಕನಿಯಲ್ಲಿ ಕೂತಿದ್ದ ಅತ್ತೆ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಚಾಕೊಲೇಟ್ ಇದ್ದರೆ ಕೊಡು ಅಂದರು ಎಂದು. ಈಗ ಬರೆಯಲು ಕೂತರೆ ಬಾಲ್ಕನಿ ಕಾಣುತ್ತದೆ, ಬಟ್ಟಲು ಕಾಣುತ್ತದೆ. ಅತ್ತೆಯ ಬಾಯಿ ಅಲುಗಿದ್ದು ಕಾಣುವುದಿಲ್ಲ.

ಹೆಂಡತಿಯನ್ನು ಕೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

"ಅವರೆಲ್ಲಿ ಕೇಳಿದ್ರು? ನಿಂಗೆ ತಿನ್ನಬೇಕು ಅನ್ನಿಸ್ತಿತ್ತು. ಅವರ ಹೆಸರಲ್ಲಿ ಮಾಡ್ಕೊಂಡೆ."

ಹಾಗಾಗಿ ಮೊದಲಿನಿಂದ ಶುರುಮಾಡುತ್ತೇನೆ, ಗೊತ್ತಿರುವುದನ್ನಷ್ಟೇ ಇಟ್ಟುಕೊಂಡು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆ ಮಾಡಿಕೊಳ್ಳಲಿಲ್ಲ. ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಬನಶಂಕರಿಯಲ್ಲಿ ತಮ್ಮ ಪಾಡಿಗೆ ಇದ್ದವರು. ಹೊಟ್ಟೆಯ ಆಪರೇಷನ್ ಎರಡು ಹಂತದಲ್ಲಿ ಆಗಬೇಕಿತ್ತು. ಮೊದಲನೆಯದು ಮುಗಿದಾಗ ಅವರ ತೂಕ ಮೂವತ್ತೆಂಟು ಕಿಲೋಗೆ ಇಳಿದಿತ್ತು. ನಲವತ್ತು ದಾಟದಿದ್ದರೆ ಎರಡನೆಯದಕ್ಕೆ ಕೈ ಹಾಕುವುದಿಲ್ಲ, ಆರು ವಾರಕ್ಕಿಂತ ತಡವಾದರೆ ಅದೂ ಒಳ್ಳೆಯದಲ್ಲ ಎಂದು ಡಾಕ್ಟರ್ ಹೇಳಿ ನಮ್ಮ ಮನೆಗೆ ಕಳಿಸಿದರು. ಆರು ವಾರ, ಎರಡು ಕಿಲೋ. ನಾನು ಮನೆಯಿಂದಲೇ ಕೆಲಸ ಮಾಡುವವನಾದ್ದರಿಂದ ಆ ಎರಡು ಕಿಲೋ ನನ್ನ ಪಾಲಿಗೆ ಬಂತು.

ಅವರ ಬಾಯಿ ಪೂರ್ತಿ ಕೆಟ್ಟುಹೋಗಿತ್ತು. ಸಾರು ಕಬ್ಬಿಣದ ಹಾಗಿದೆ ಅನ್ನುತ್ತಿದ್ದರು, ಮೊಸರು ಸುಣ್ಣದ ಹಾಗಿದೆ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಊಟದ ಪಟ್ಟಿ ಬರೆದುಕೊಡುವ ಹುಡುಗಿ ಪಟ್ಟಿಯನ್ನೇನೋ ಬರೆದುಕೊಟ್ಟಳು. ಆಮೇಲೆ, ಅವರಿಗೆ ಏನು ಕ್ರೇವಿಂಗ್ ಇದೆಯೋ ಕೇಳಿ ಸಾರ್, ಅದನ್ನೇ ಸ್ವಲ್ಪ ಸ್ವಲ್ಪ ಕೊಡಿ, ತುಪ್ಪ ಸಕ್ಕರೆ ಏನಿದ್ದರೂ ಪರವಾಗಿಲ್ಲ ಅಂದಳು. ವಾಪಸು ಬರುವಾಗ ಆಟೋದಲ್ಲಿ ಅದನ್ನು ಕನ್ನಡ ಮಾಡಿ ಕೇಳಿದೆ: ಅತ್ತೆ, ನಿಮಗೆ ಏನಾದರೂ ಬಯಕೆ ಇದೆಯಾ?

"ಬಯಕೆ ಬಸುರೀರಿಗೆ ಕಣೋ," ಅಂದರು ಅತ್ತೆ. "ನಂಗೆ ಅರವತ್ತೆಂಟು."

ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ ನಕ್ಕ. ಮುಂದಿನ ಸಿಗ್ನಲ್‌ನಲ್ಲಿ ತುಂಬ ಹೊತ್ತು ನಿಂತೆವು. ಚಾಕೊಲೇಟ್ ಎಂಬ ಮಾತು ಅಲ್ಲಿ ಬಂದಿರಬಹುದು ಎಂದು ಈಗ ಅನ್ನಿಸುತ್ತಿದೆ. ಬಾಲ್ಕನಿಯಲ್ಲಲ್ಲ, ಆಟೋದಲ್ಲಿ. ಆದರೆ ಅತ್ತೆಗೆ ಇನ್ನೊಂದು ಅಭ್ಯಾಸವಿದೆ. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾರೆ. ಕಣ್ಣಿನ ಆಸ್ಪತ್ರೆ, ಮನೆ ಬಾಡಿಗೆಗೆ ಇದೆ, ಇಲ್ಲಿ ಮೂತ್ರ ಮಾಡಬಾರದು. ಆ ಸಿಗ್ನಲ್ ಪಕ್ಕದಲ್ಲಿ ಚಾಕೊಲೇಟ್ ಐಸ್‌ಕ್ರೀಮಿನ ದೊಡ್ಡ ಜಾಹೀರಾತು ಇತ್ತೋ ಇಲ್ಲವೋ ನೆನಪಿಲ್ಲ. ಈಚೆಗೆ ಹೋಗಿ ನೋಡಿದೆ. ಈಗ ಅಲ್ಲಿ ಪ್ರೆಶರ್ ಕುಕ್ಕರಿನದು ಇದೆ.

ಏನೇ ಇರಲಿ, ನಾನು ಚಾಕೊಲೇಟಿಗೆ ಇಳಿದೆ. ಅಡಿಗೆಮನೆಯಲ್ಲಿ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು: ಎರಡೇ ನಿಮಿಷದಲ್ಲಿ ಮಗ್ ಕೇಕ್. ಪಿಂಗಾಣಿ ಕಪ್ಪಿನಲ್ಲಿ ಮೈದಾ, ಸಕ್ಕರೆ, ಕೋಕೋ ಪುಡಿ, ಹಾಲು, ಎಣ್ಣೆ ಕಲಸಿ ಮೈಕ್ರೋವೇವಿನಲ್ಲಿ ಇಟ್ಟರೆ ಆಯಿತು. ಕೋಕೋ ಪುಡಿಗೆ ಜಯನಗರಕ್ಕೆ ಹೋಗಿ ಬಂದೆ. ಎಲ್ಲ ಅಳೆದಿಟ್ಟುಕೊಂಡ ಮೇಲೆ ಕಪ್ಪು ಸಿಗಲಿಲ್ಲ. ಆಫೀಸಿನಲ್ಲಿ ಕೊಟ್ಟ ಒಂದು ಕಪ್ಪು ಮನೆಯಲ್ಲಿ ಎಲ್ಲೋ ಇತ್ತು. ವಿಡಿಯೋದ ಭಾಷೆ ತಲೆಯಲ್ಲಿ ಕೂತಿದ್ದರಿಂದ ರೂಮಿನಲ್ಲಿದ್ದ ಹೆಂಡತಿಗೆ ಕೂಗಿ ಕೇಳಿದೆ.

"ಮಗ್ ಎಲ್ಲಿದೆ?"

"ಬಾತ್‌ರೂಮಲ್ಲೇ ಇದ್ಯಲ್ಲ," ಅವಳೂ ಅಲ್ಲಿಂದಲೇ ಕೂಗಿದಳು. "ಬಕೆಟ್ ಒಳಗೆ ನೋಡು."

ನಡುಮನೆಯಲ್ಲಿ ಕೂತಿದ್ದ ಅತ್ತೆ ಎರಡನ್ನೂ ಕೇಳಿಸಿಕೊಂಡರು. ನನಗೆ ಆ ಹೊತ್ತಿಗೆ ಅದರ ಅರ್ಥವೇ ಹೊಳೆಯಲಿಲ್ಲ. ಕಪ್ಪನ್ನು ನಾನೇ ಹುಡುಕಿಕೊಂಡೆ. ಐದು ನಿಮಿಷದ ಮೇಲೆ ಕಂದು ಬಣ್ಣದ, ಹಬೆಯಾಡುವ, ಮೇಲೆ ಸ್ವಲ್ಪ ಬಿರಿದ ಒಂದು ಪದಾರ್ಥವನ್ನು ಅತ್ತೆಯ ಮುಂದೆ ಹಿಡಿದೆ. ಅವರು ಅದನ್ನೂ ನನ್ನನ್ನೂ ನೋಡಿದರು.

"ಯಾವುದ್ರಲ್ಲಿ ಮಾಡ್ದೆ?"

ನಾನು ನಿಜವನ್ನೇ ಹೇಳಿದೆ. ಮಗ್‌ನಲ್ಲಿ ಅಂದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಬೆಂಗಳೂರಿನ ನಮ್ಮಂಥವರ ಮನೆಯಲ್ಲಿ ಮಗ್ ಎಂದರೆ ಸ್ನಾನದ ಮನೆಯ ಪ್ಲಾಸ್ಟಿಕ್ ಮಗ್. ಬೇರೆ ಮಗ್ ಇಲ್ಲ. ಟೀ ಕುಡಿಯುವುದು ಕಪ್ಪಿನಲ್ಲಿ, ಕಾಫಿ ಕುಡಿಯುವುದು ಲೋಟದಲ್ಲಿ. ಇದು ನನಗೂ ಗೊತ್ತಿರುವ ವಿಷಯವೇ. ಹೆಂಡತಿ ನಗುತ್ತ ಬಂದು ಬಾತ್‌ರೂಮಿನ ಹಸಿರು ಮಗ್ಗನ್ನು ತಂದು ತೋರಿಸಿದಳು. ಪಿಂಗಾಣಿ ಕಪ್ಪನ್ನು ಅದರ ಪಕ್ಕಕ್ಕೆ ಹಿಡಿದು, ಇದು ಬೇರೆ, ಅದು ಬೇರೆ ಎಂದಳು. ಹೆಸರು ಮಾತ್ರ ಒಂದೇ ಎಂದು ನಾನು ಸೇರಿಸಿದೆ. ಎರಡನ್ನೂ ಒಟ್ಟಿಗೆ ನೋಡಿದ್ದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು.

"ಮಗ್ ಅಂದ್ಮೇಲೆ ಮಗ್ಗೇ," ಅಂದರು ಅತ್ತೆ.

ಅವತ್ತು ಅವರು ಅದನ್ನು ಮುಟ್ಟಲಿಲ್ಲ. ಬೇರೆ ಏನನ್ನೂ ತಿನ್ನಲಿಲ್ಲ. ಎರಡು ದಿನ ನಮ್ಮ ಅಡಿಗೆಮನೆಯಿಂದ ಬಂದ ಎಲ್ಲವನ್ನೂ ಮೂಸಿ ನೋಡಿದರು. ಸೋಮವಾರ ಆಸ್ಪತ್ರೆಗೆ ತೂಕ ನೋಡಲು ಹೋದಾಗ ಮೂವತ್ತೇಳು ಮುಕ್ಕಾಲಿತ್ತು. ಒಂದು ಪದದಿಂದ ಕಾಲು ಕಿಲೋ ಇಳಿದಿತ್ತು. ಹುಡುಗಿ ಪಟ್ಟಿಯಲ್ಲಿ ಅದನ್ನು ಕೆಂಪು ಇಂಕಿನಲ್ಲಿ ಬರೆದಳು. ಇಂಕು ನೀಲಿಯಿದ್ದರೂ ಇರಬಹುದು.

ರಾಜಿ ಆದದ್ದು ಲೋಟದಲ್ಲಿ. ಅತ್ತೆ ಬನಶಂಕರಿಯಿಂದ ತಮ್ಮ ಸ್ಟೀಲಿನ ಲೋಟ ತಂದುಕೊಂಡಿದ್ದರು. ಅದರ ಅಂಚಿನ ಕೆಳಗೆ ಅಜ್ಜಿಯ ಹೆಸರಿನ ಮೊದಲ ಅಕ್ಷರ ಕೊರೆದಿತ್ತು. ಮಾಡುವುದಾದರೆ ಅದರಲ್ಲಿ ಮಾಡು ಎಂದರು. ಸ್ಟೀಲನ್ನು ಮೈಕ್ರೋವೇವಿನಲ್ಲಿ ಇಡುವ ಹಾಗಿಲ್ಲವಾದ್ದರಿಂದ ಇಡ್ಲಿ ಪಾತ್ರೆಯನ್ನು ಇಳಿಸಿದೆ. ನಾಲ್ಕು ಚಮಚ ಮೈದಾ, ಮೂರು ಚಮಚ ಸಕ್ಕರೆ, ಒಂದೂವರೆ ಚಮಚ ಕೋಕೋ ಪುಡಿ, ಚಿಟಿಕೆ ಅಡಿಗೆ ಸೋಡಾ. ಅದಕ್ಕೆ ಎರಡು ಚಮಚ ತುಪ್ಪ, ದೋಸೆ ಹಿಟ್ಟಿನ ಹದ ಬರುವಷ್ಟು ಹಾಲು. ಲೋಟದ ಅರ್ಧ ತುಂಬಿಸಿ, ನಡುವೆ ಒಂದು ತುಂಡು ಚಾಕೊಲೇಟ್ ಮುಳುಗಿಸಿ, ಹಬೆಯ ನೀರು ಒಳಗೆ ಬೀಳದಂತೆ ಮೇಲೊಂದು ತಟ್ಟೆ ಮುಚ್ಚಿ ಇಪ್ಪತ್ತು ನಿಮಿಷ. ಸುತ್ತ ಸ್ಪಂಜಿನ ಹಾಗೆ ಬೆಂದು, ನಡುವೆ ಮಾತ್ರ ಕರಗಿ ಪಾಯಸದ ಹಾಗೆ ಇರುತ್ತದೆ. ಇದನ್ನು ಯಾರು ಬೇಕಾದರೂ ಮಾಡಬಹುದು.

ಮೊದಲ ಸಲ ಹದ ನೋಡಲು ಅವರ ಲೋಟಕ್ಕೇ ಚಮಚ ಹಾಕಿ ಬಾಯಿಗಿಟ್ಟು, ಅದೇ ಚಮಚವನ್ನು ಮತ್ತೆ ಒಳಗೆ ಇಳಿಸಿದೆ. ಎಂಜಲಾಯಿತು. ಅತ್ತೆ ನೀರನ್ನು ಕೂಡ ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಅಂದಿನಿಂದ ಎರಡು ಲೋಟ ಎಂದು ನಿಯಮವಾಯಿತು. ಅಕ್ಷರ ಕೊರೆದದ್ದು ಅವರದು, ಬೋಳು ಲೋಟ ನನ್ನದು. ಮಧ್ಯಾಹ್ನ ಮೂರೂವರೆಗೆ ಎರಡೂ ಇಡ್ಲಿ ಪಾತ್ರೆಯಿಂದ ಇಳಿಯುತ್ತಿದ್ದವು. ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಅತ್ತೆ ಬಾಲ್ಕನಿಗೆ ಹೋಗುತ್ತಿದ್ದರು. ನಾಲ್ಕಕ್ಕೆ ನನಗೆ ಆಫೀಸಿನ ಕಾಲ್ ಇರುತ್ತಿತ್ತು. ನಾನು ಬೋಳು ಲೋಟ ಮುಗಿಸಿ ರೂಮಿಗೆ ಹೋಗುತ್ತಿದ್ದೆ. ಐದಕ್ಕೆ ಹೊರಗೆ ಬಂದರೆ ಅವರ ಲೋಟ ತೊಳೆದು ಬುಟ್ಟಿಯಲ್ಲಿ ಬೋರಲು ಬಿದ್ದಿರುತ್ತಿತ್ತು. ತಮ್ಮ ಲೋಟ ತಾವೇ ತೊಳೆಯುವುದು ಅವರ ಯಾವತ್ತಿನ ಪದ್ಧತಿ. ಹಾಗಾಗಿ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಬೇಸರವಾಗಬಾರದೆಂದು ಬೇರೆಯವನ್ನೂ ಮಾಡಿದೆ. ರಾಗಿ ಹುರಿಹಿಟ್ಟಿಗೆ ಕೋಕೋ, ಬೆಲ್ಲದ ಪುಡಿ, ಬಿಸಿ ತುಪ್ಪ ಹಾಕಿ ಉಂಡೆ ಕಟ್ಟಿದೆ. ಹಾಲಿನ ಪುಡಿಯನ್ನು ಸಕ್ಕರೆ ಪಾಕಕ್ಕೆ ಸುರಿದು ಬರ್ಫಿ ಮಾಡಹೋದೆ. ಪಾಕ ಎಳೆ ಬರುವ ಮೊದಲೇ ಸುರಿದದ್ದರಿಂದ ಅದು ಬರ್ಫಿಯಾಗಲಿಲ್ಲ, ಚಮಚದಲ್ಲಿ ತಿನ್ನುವ ಇನ್ನೇನೋ ಆಯಿತು. ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಹೇಳಿದವರು ಯಾರು ಎಂದು ಯೋಚಿಸಿದರೆ ನನ್ನ ದನಿಯೇ ಕೇಳುತ್ತದೆ.

ಸೋಮವಾರಗಳು: ಮೂವತ್ತೆಂಟು. ಮೂವತ್ತೆಂಟು ಕಾಲು. ಮತ್ತೆ ಮೂವತ್ತೆಂಟು ಕಾಲು.

ಐದನೆಯ ವಾರ ಬಾಲ್ಕನಿಯಲ್ಲಿ ಇರುವೆ ಕಂಡವು. ಬಾಗಿಲ ಸಂದಿಯಿಂದ ಹೊರಟ ಸಾಲು ತುಳಸಿ ಕುಂಡವನ್ನು ಹತ್ತಿ ಒಳಗೆ ಇಳಿಯುತ್ತಿತ್ತು. ಬೆರಳಿನಿಂದ ಮಣ್ಣು ಕೆದಕಿದೆ. ಕಂದು ಬಣ್ಣದ ಮೆತ್ತನೆಯದೇನೋ ಸಿಕ್ಕಿತು. ಕೇಕ್ ಇರಬಹುದು. ಹಿಂದಿನ ವಾರ ಹೆಂಡತಿ ಗೊಬ್ಬರ ತಂದು ಹಾಕಿದ್ದಳು, ಅದೂ ಇರಬಹುದು. ಮೂಸಿದೆ. ಕೋಕೋ ವಾಸನೆ ಬಂತು. ಆದರೆ ಆ ದಿನಗಳಲ್ಲಿ ನನ್ನ ಕೈಬೆರಳೆಲ್ಲ ಕೋಕೋ ವಾಸನೆಯೇ ಹೊಡೆಯುತ್ತಿದ್ದವು. ಅತ್ತೆ ಒಳಗೆ ಮಲಗಿದ್ದರು. ಎದ್ದ ಮೇಲೆ ಕೇಳಬಹುದಿತ್ತು. ಕೇಳಲಿಲ್ಲ. ಮಣ್ಣು ಮುಚ್ಚಿ ಕೈ ತೊಳೆದುಕೊಂಡೆ. ಮರುದಿನ ತುಪ್ಪವನ್ನು ಎರಡು ಚಮಚದ ಬದಲು ಮೂರು ಹಾಕಿದೆ.

ಆರನೆಯ ಸೋಮವಾರ ನನಗೆ ತಪ್ಪಿಸಿಕೊಳ್ಳಲಾಗದ ಮೀಟಿಂಗ್ ಇತ್ತು. ಹೆಂಡತಿ ಕರೆದುಕೊಂಡು ಹೋದಳು. ಹನ್ನೊಂದೂವರೆಗೆ ಫೋನ್ ಬಂತು: ನಲವತ್ತು, ಮೇಲೆ ಇನ್ನೂರು ಗ್ರಾಂ. ಡಾಕ್ಟರ್ ಗುರುವಾರಕ್ಕೆ ಆಪರೇಷನ್ ಬರೆದಿದ್ದರು.

ಒಂದೇ ವಾರದಲ್ಲಿ ಸುಮಾರು ಎರಡು ಕಿಲೋ. ಅವತ್ತು ನಾನು ಅದನ್ನು ಲೆಕ್ಕ ಹಾಕಿ ನೋಡಲಿಲ್ಲ ಎಂದು ಬರೆಯುವುದು ಸುಲಭ. ಹಾಕಿದ್ದೆ. ಸಂಜೆ ಹೆಂಡತಿ ವಿವರ ಹೇಳಿದಳು. ಅತ್ತೆ ಪೆಟ್ಟಿಗೆಯ ತಳದಿಂದ ದಪ್ಪ ಅಂಚಿನ ರೇಷ್ಮೆ ಸೀರೆ ತೆಗೆದು ಉಟ್ಟಿದ್ದರಂತೆ. ಆಟೋದಲ್ಲಿ ದೊಡ್ಡ ಬಾಟಲಿನ ನೀರನ್ನೂ ಕುಡಿದರಂತೆ. ಸೀರೆ ಯಾಕೆಂದು ಕೇಳಿದ್ದಕ್ಕೆ ಹೇಳಿದ ಮಾತನ್ನು ಅವಳು ಅತ್ತೆಯ ದನಿಯಲ್ಲೇ ಹೇಳಿ ತೋರಿಸಿದಳು: "ಡಾಕ್ಟ್ರ ಹತ್ರ ಹೋಗ್ತಿರೋದು. ಹೇಗಿದ್ರೆ ಹಾಗೆ ಹೋಗಕ್ಕಾಗುತ್ತೇನಮ್ಮ?" ಹಿಂದಿನ ಐದು ಸೋಮವಾರ ಅವರು ಮಾಸಿದ ವಾಯಿಲ್ ಸೀರೆಯಲ್ಲೇ ಬಂದಿದ್ದರು. ಈಗ ಕೇಳಿದರೆ ಹೆಂಡತಿ, ಬಾಟಲ್ ಪೂರ್ತಿ ಅಲ್ಲ, ಅರ್ಧ ಅನ್ನುತ್ತಾಳೆ. ಡಾಕ್ಟರಿಗೆ ಫೋನ್ ಮಾಡಿ ಸೀರೆಯ ವಿಷಯ ಹೇಳಬೇಕೇ ಎಂದು ನಾವಿಬ್ಬರೂ ಯೋಚಿಸಿದೆವು. ಫೋನ್ ಮಾಡಿದೆವು. ಅವರು, ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಬಟ್ಟೆಯಲ್ಲಿ ನಾವೇ ಇನ್ನೊಮ್ಮೆ ನೋಡುತ್ತೇವೆ ಅಂದರು. ಆ ತೂಕ ಎಷ್ಟಿತ್ತೆಂದು ನಮಗೆ ಯಾರೂ ಹೇಳಲಿಲ್ಲ. ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ನಾಲ್ಕು ಗಂಟೆಯ ಮೇಲೆ ಎಲ್ಲ ಸರಿಯಾಗಿ ಆಯಿತು ಎಂದು ಬಂದು ಹೇಳಿದರು.

ಈಗ ಅತ್ತೆ ಬನಶಂಕರಿಯ ತಮ್ಮ ಮನೆಯಲ್ಲಿದ್ದಾರೆ. ಸಾರಿಗೆ ಸಾರಿನ ರುಚಿ ಬಂದಿದೆ. ನಾನು ಮೆಟ್ರೋದಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ. ಮೊದಲ ಸಲ ಕೇಕಿನ ವಿಷಯ ಎತ್ತಿದಾಗ, ದಿನಾ ತಿಂತಿದ್ದೆನಲ್ಲ, ಬಾಯಿಗೆ ಹಿಡಿಸಿದ್ದೇ ಅದೊಂದು ಎಂದರು. ಕೇಳಿ ಸಮಾಧಾನವಾಯಿತು. ಆ ಸಮಾಧಾನದಲ್ಲೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ. ಕಳೆದ ತಿಂಗಳು ಹೋದಾಗ ಮತ್ತೆ ಕೇಳಿದೆ. ಅವರು ಹುರುಳಿಕಾಯಿ ಬಿಡಿಸುತ್ತಿದ್ದರು.

"ಎರಡೂ ನೀನೇ ತಿಂತಿದ್ಯಲ್ಲೋ," ಅಂದರು.

ನನ್ನದು ಬೋಳು ಲೋಟದ್ದು ಮಾತ್ರ, ನಿಮ್ಮದಕ್ಕೆ ಅಕ್ಷರ ಕೊರೆದಿತ್ತು ಎಂದು ನೆನಪಿಸಿದೆ.

"ಅದನ್ನೇ ಹೇಳ್ತಿರೋದು. ಕಾಲ್ ಮುಗ್ಸಿ ಬಂದ್ಮೇಲೆ ನಿಂಗೇ ಕೊಡ್ತಿದ್ದೆ. ಆಮೇಲೆ ನಾನು ಲೋಟ ತೊಳೀತಿದ್ದೆ. ನಾನು ಚಮಚ ಇಡ್ತಿರ್ಲಿಲ್ಲ ಬಿಡು. ಎಂಜಲು ಕೊಡಕ್ಕಾಗುತ್ತೇನೋ?"

ಮುಖ ನೋಡಿದೆ. ತಮಾಷೆ ಮಾಡುವಾಗ ಅವರ ಎಡಗಣ್ಣು ಸಣ್ಣದಾಗುತ್ತದೆ. ಹುರುಳಿಕಾಯಿಯ ನಾರು ತೆಗೆಯುವಾಗಲೂ ಸಣ್ಣದಾಗುತ್ತದೆ.

ಹಾಗೆ ಆಗಿದ್ದ ನೆನಪು ನನಗಿಲ್ಲ. ಐದು ಗಂಟೆಗೆ ರೂಮಿನಿಂದ ಹೊರಬಂದು, ಅಕ್ಷರ ಕೊರೆದ ಲೋಟವನ್ನು ಅವರ ಕೈಯಿಂದ ತೆಗೆದುಕೊಂಡು, ಆರಿದ ಕೇಕನ್ನು ಕೆರೆದು ತಿಂದದ್ದು ಒಂದು ದಿನವೂ ನೆನಪಿಗೆ ಬರುವುದಿಲ್ಲ. ಆದರೆ ಆರಿದ ಮೇಲೆ ನಡುವಿನ ಚಾಕೊಲೇಟ್ ಗಟ್ಟಿಯಾಗಿ ಲೋಟದ ತಳಕ್ಕೆ ಅಂಟಿಕೊಳ್ಳುತ್ತದೆ, ಚಮಚದ ತುದಿಯಿಂದ ಎಬ್ಬಿಸಬೇಕಾಗುತ್ತದೆ ಎಂಬುದು ನನಗೆ ಗೊತ್ತು. ನನ್ನ ಲೋಟವನ್ನು ನಾನು ಯಾವಾಗಲೂ ಬಿಸಿಬಿಸಿಯಾಗಿ, ನಾಲ್ಕು ಗಂಟೆಯ ಒಳಗೆ ಮುಗಿಸುತ್ತಿದ್ದೆ. ಆ ಆರು ವಾರದಲ್ಲಿ ನನ್ನ ತೂಕ ಮೂರು ಕಿಲೋ ಏರಿತು.

ಅತ್ತೆ ತಿಂದರೇ, ಎಷ್ಟು ತಿಂದರು, ನಲವತ್ತು ಕಿಲೋದಲ್ಲಿ ಚಾಕೊಲೇಟ್ ಎಷ್ಟು, ರೇಷ್ಮೆ ಎಷ್ಟು, ನೀರು ಎಷ್ಟು, ನನಗೆ ಗೊತ್ತಿಲ್ಲ. ಮೊದಲು ಕೇಳಿದ್ದು ಯಾರೆಂಬುದೂ ಗೊತ್ತಿಲ್ಲ.